ಕಾರ್ಪೆಟ್ಟಿನ ಕೆಳಗಿನ ಕಂಬಳಿ

(ಕೆಂಪು ಗಾಡಿ – ಕಂತು ಎರಡು)

"ಮುಟ್ಟಬ್ಯಾಡ್ರಿ," ಎಂದಳು ದಸ್ತಗೀರಬಿ. "ಮೊದಲು ಕಣ್ಣಿಲೆ ನೋಡ್ರಿ. ಮುಟ್ಟೋದು ಎಲ್ಲೂ ಓಡಿ ಹೋಗಂಗಿಲ್ಲ."

ಚಾಚಿದ್ದ ಸಂತೋಷಕುಮಾರನ ಕೈ ಅಲ್ಲೇ ನಿಂತಿತು. ಸೀಟು ಹೊಲಿಸಲು ಅವನು ತಂದಿದ್ದ ಹಳೇ ಕೆಂಪು ಕಾರಿನ ಎರಡೂ ಸೀಟುಗಳನ್ನು ಬಿಚ್ಚಿ ಅಂಗಡಿಯ ಅಂಗಳದ ಬೇವಿನ ಗಿಡದ ಕೆಳಗೆ ಇಟ್ಟಾಗಿತ್ತು. ದಸ್ತಗೀರಬಿ ಗಾಡಿಯೊಳಗೆ ಮಂಡಿಯೂರಿ ಕುಳಿತು, ಎಡಗಡೆ ಸೀಟಿನ ಹಿಂದಿನ ಹಳೇ ಕಾರ್ಪೆಟ್ಟನ್ನು ಬೆರಳುಗಳಿಂದ ಎತ್ತಿ ಹಿಡಿದಿದ್ದಳು. ಅದರ ಕೆಳಗೆ ಬ್ಯಾಟರಿ ಕೂರುವ ಗುಂಡಿ. ಗುಂಡಿಯ ಮುಚ್ಚಳ ಯಾವ ಕಾಲದಲ್ಲೋ ತುಕ್ಕು ತಿಂದು ಉದುರಿಹೋಗಿತ್ತು. ಒಳಗೆ ಒಂದು ಕರೀ ಕಂಬಳಿಯ ಗಂಟು. ಗಂಟಿನ ಮಡಿಕೆ ಸರಿದ ಕಡೆ ಬೆಳ್ಳಿ ಮಿಂಚುತ್ತಿತ್ತು.

"ಅಪ್ಪನ ಕರಡಿಗಿ," ಎಂದ ಸಂತೋಷಕುಮಾರ.

ಲಿಂಗ ಇಟ್ಟು ಕೊರಳಿಗೆ ಕಟ್ಟಿಕೊಳ್ಳುವ ಆ ಬೆಳ್ಳಿ ಕರಡಿಗೆ ಕಳೆದು ಇಪ್ಪತ್ತಾರು ವರ್ಷವಾಗಿತ್ತು. ಸಂತೋಷಕುಮಾರನ ಅಪ್ಪ, ಇಳಕಲ್ಲಿನ ಗ್ರಾನೈಟ್ ವ್ಯಾಪಾರಿ ಅಂದಪ್ಪನವರು ಶಿವಯೋಗ ಮಂದಿರದಿಂದ ಇದೇ ಗಾಡಿಯಲ್ಲಿ ಬರುವಾಗ, ಗುಳೇದಗುಡ್ಡ ದಾಟುವಷ್ಟರಲ್ಲಿ ಎದೆ ಹಿಡಿದುಕೊಂಡರು. ಡ್ರೈವರ್ ಮಾಳಪ್ಪ ಬಾಗಲಕೋಟೆಯ ದವಾಖಾನೆಗೆ ಒಯ್ದ. ಬದುಕಲಿಲ್ಲ. ಮಣ್ಣು ಮಾಡುವ ಹೊತ್ತಿಗೆ ಕೊರಳಲ್ಲಿ ಕರಡಿಗೆ ಇರಲಿಲ್ಲ. ಲಿಂಗವಂತನೊಬ್ಬನನ್ನು ಅವನ ಲಿಂಗವಿಲ್ಲದೆ ಮಣ್ಣಿಗಿಡುವುದೆಂದರೆ ಆ ಮನೆತನಕ್ಕೆ ಏನೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಮಠದಿಂದ ಬೇರೆ ಲಿಂಗ ತರಿಸಿ ಅಂಗೈಯಲ್ಲಿಟ್ಟು ಕಾರ್ಯ ಮುಗಿಸಿದರು. ದಾರಿಯಲ್ಲಿ ಜೊತೆಗಿದ್ದವನು ಮಾಳಪ್ಪ ಒಬ್ಬನೇ. ಕಳ್ಳ ಎಂಬ ಹೆಸರು ಅವತ್ತೇ ಅವನಿಗೆ ಅಂಟಿತು.

ದಸ್ತಗೀರಬಿ ಗಂಟನ್ನು ಬರಿಗೈಯಲ್ಲಿ ಮುಟ್ಟಲಿಲ್ಲ. ಕಂಬಳಿಯ ನಾಲ್ಕು ತುದಿ ಹಿಡಿದು ಹಾಗೇ ಎತ್ತಿ ಸಂತೋಷಕುಮಾರನ ಮುಂದೆ ಹಿಡಿದಳು. ಅವನು ಎರಡೂ ಕೈಯಿಂದ ಕರಡಿಗೆಯನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡ, ಮುಚ್ಚಳ ತಿರುವಿ ನೋಡಿದ. ಲಿಂಗ ಒಳಗೇ ಇತ್ತು. ನಲವತ್ತಾರು ವರ್ಷದ ಗಂಡಸು, ಕ್ವಾರಿಯಲ್ಲಿ ಇನ್ನೂರು ಜನರನ್ನು ಗದರಿಸುವವನು, ಬೇವಿನ ಗಿಡಕ್ಕೆ ಮುಖ ಮಾಡಿ ನಿಂತುಬಿಟ್ಟ.

ತಿರುಗಿದಾಗ ಕಣ್ಣು ಕೆಂಪಾಗಿದ್ದವು. ನೋಟ ನೇರ ಕಂಬಳಿಯ ಮೇಲೆ ಬಿತ್ತು.

"ಈ ಕಂಬಳಿ ಯಾರದು ಅಂತ ಹೇಳಬೇಕೇನು ಚಾಚಿ? ಅಂಚಿಗೆ ಎರಡು ಬಿಳೀ ಗೆರಿ. ಗುಡೂರಾಗ ಸಣ್ಣ ಹುಡುಗನ್ನ ಕೇಳಿದ್ರೂ ರಾಮವ್ವ ನೂತಿದ್ದು ಅಂತಾನ. ಮಾಳಪ್ಪನ ಹೆಂಡ್ತಿ ನೂತಿದ್ದು. ನಾ ಈಗ ಸ್ಟೇಷನ್ನಿಗೆ ಹೋಗ್ತೇನಿ."

"ಸಂಜೀ ನಾಕರ ತನಕ ತಡೀರಿ."

"ಯಾಕ ತಡೀಬೇಕು?"

"ಇಪ್ಪತ್ತಾರು ವರ್ಷ ತಡದೀರಿ. ಇನ್ನ ಐದು ತಾಸು ನನ್ನ ಸಲುವಾಗಿ ತಡೀರಿ. ಇದನ್ನ ಹೊರಗ ತಗದಾಕಿ ನಾ. ನನ್ನ ಕೈಯಿಂದ ಒಬ್ಬ ಮುದುಕ ಜೇಲಿಗೆ ಹೋದ್ರ ನಂಗ ಊಟ ಸೇರಂಗಿಲ್ಲ. ಅಂವ ಕದ್ದಿದ್ರ ಹೋಗಲಿ. ಕದ್ದಿರಲಿಲ್ಲ ಅಂದ್ರ?"

ಸಂತೋಷಕುಮಾರ ಕರಡಿಗೆಯನ್ನು ಕೊರಳಿಗೆ ಹಾಕಿಕೊಂಡ, ಅಂಗಿಯ ಒಳಗೆ ಸೇರಿಸಿದ. "ನಾಕು ಗಂಟೆ," ಎಂದ. "ಅವ್ವಗ ಅಲ್ಲೀತನಕ ಹೇಳಂಗಿಲ್ಲ. ಕಂಬಳಿ ನಿಮ್ಮ ಹಂತೇಕ ಇರಲಿ. ನಾಕರ ಮ್ಯಾಲೆ ಒಂದು ನಿಮಿಷ ಇಲ್ಲ."

ಅವನು ಹೋದದ್ದೇ ತಡ, ಕತ್ತರಿ ಹಿಡಿದು ಮೂಲೆಯಲ್ಲಿ ಉಸಿರು ಕಟ್ಟಿ ನಿಂತಿದ್ದ ಚಮನಸಾಬ ಬಾಗಿಲ ಕಡೆ ಹೆಜ್ಜೆ ಇಟ್ಟ. ಚಮನಸಾಬ ದಸ್ತಗೀರಬಿಯ ಗಂಡ. ಹುನಗುಂದ ರಸ್ತೆಯ ಈ ಕುಶನ್ ಅಂಗಡಿಯ ಬೋರ್ಡಿನ ಮೇಲೆ ಹೆಸರು ಅವನದು, ಒಳಗಿನ ಹೊಲಿಗೆ ಹೆಂಡತಿಯದು. ಅವನ ಹೊಟ್ಟೆಯಲ್ಲಿ ಅನ್ನ ನಿಲ್ಲುತ್ತದೆ, ಮಾತು ನಿಲ್ಲುವುದಿಲ್ಲ.

"ಎಲ್ಲಿಗಿ?"

"ಚಾ ಕುಡದು ಬರ್ತೇನಿ."

"ಚಾ ನಾ ಮಾಡ್ತೇನಿ. ನೀವು ಚಾದಂಗಡಿಗೆ ಹೋದ್ರ ನಾಕು ಗಂಟೆ ಅನ್ನೋದು ಹತ್ತ ನಿಮಿಷದಾಗ ಆಗತೈತಿ."

ಚಮನಸಾಬ ಮುಖ ಸಣ್ಣದು ಮಾಡಿಕೊಂಡು ಸ್ಟೂಲಿನ ಮೇಲೆ ಕುಳಿತ. "ನಾ ಏನ್ ಹೇಳ್ತಿದ್ದೆ ಯಾರಿಗಿ," ಎಂದು ಗೊಣಗಿದ. ಪುಣ್ಯಾತ್ಮನಿಗೆ ಸುಳ್ಳು ಹೇಳಲು ಬರುವುದಿಲ್ಲ, ಅದೊಂದು ಗುಣ.

ದಸ್ತಗೀರಬಿ ಕನ್ನಡಕ ಒರೆಸಿ ಹಾಕಿಕೊಂಡಳು.

ಮೊದಲು ಹಳೇ ಕಾರ್ಪೆಟ್ಟನ್ನು ನೋಡಿದಳು. ಕಂಪನಿಯಿಂದ ಬಂದಾಗ ಅಂಟಿಸಿದ್ದ ಅಂಟು ಒಣಗಿ ಪುಡಿಯಾಗಿತ್ತು. ಕೆಳಗಿನ ಗೋಣಿ ನಾರಿನ ಮೆತ್ತೆಯನ್ನು ನುಸಿ ಮತ್ತು ಇಲಿ ಪಾಲು ಮಾಡಿಕೊಂಡಿದ್ದವು. ಡ್ರೈವರ್ ಹಿಮ್ಮಡಿ ಊರುವಲ್ಲಿ ಹೊಲಿದ ರಬ್ಬರಿನ ತುಂಡು ಮಾತ್ರ ಗಟ್ಟಿಯಾಗಿ ಉಳಿದಿತ್ತು. ಗಾಡಿಯ ತಳಕ್ಕೆ ಕೈ ಹಾಕಿದರೆ ತುಕ್ಕು ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ಅಂದಪ್ಪನವರ ಮನೆಯಲ್ಲಿ ಗಾಡಿ ನಿಂತಿದ್ದ ಶೆಡ್ಡಿನ ತಗಡು ಎಷ್ಟು ಮಳೆ ಸೋರಿಸಿತ್ತೋ.

ಆಮೇಲೆ ಕಂಬಳಿಯನ್ನು ಬಿಚ್ಚಿ ಕಟಿಂಗ್ ಮೇಜಿನ ಮೇಲೆ ಹಾಸಿದಳು. ಒಂದೇ ಒಂದು ತೂತಿಲ್ಲ. ತುಕ್ಕಿನ ಕಲೆಯಿಲ್ಲ. ಮೂಗಿನ ಹತ್ತಿರ ಒಯ್ದಳು.

"ಇಲ್ಲಿ ಬರ್ರಿ. ಮೂಸ್ರಿ."

ಚಮನಸಾಬ ಮೂಸಿದ. "ಡಾಂಬರು ಗುಳಿಗಿ."

"ಡಾಂಬರು ಗುಳಿಗಿ ಎಲ್ಲೆ ಇಡ್ತಾರ?"

"ಟ್ರಂಕಿನಾಗ. ರೇಷ್ಮಿ ಸೀರಿ ನಡುವ."

"ಗಾಡಿ ಗುಂಡ್ಯಾಗ ಇಡ್ತಾರೇನು? ಸುತ್ತಲಿನ ಮೆತ್ತಿ ಎಲ್ಲಾ ನುಸಿ ತಿಂದೈತಿ. ನಡುವ ಕುಂತ ಉಣ್ಣಿ ಕಂಬಳಿ ಮ್ಯಾಲೆ ಅವಕ್ಕೇನು ಅಷ್ಟು ಕರುಣೆ? ಇನ್ನೊಂದು ನೋಡ್ರಿ. ಸಂತೋಷ ಸಾವ್ಕಾರ್ರು ಕರಡಿಗಿ ಹೊರಗ ತಗದಾಗ ಹ್ಯಾಂಗಿತ್ತು?"

"ಪಳಪಳ ಹೊಳೀತಿತ್ತು."

"ನಿಮ್ಮ ಅವ್ವ ಕೊಟ್ಟ ಕಾಲ್ಗಡಗ ಮೂರು ವರ್ಷ ಡಬ್ಬ್ಯಾಗ ಇಟ್ಟಿದ್ದಕ್ಕ ಕರ್ರಗ ಆಗ್ಯಾವು. ಇಪ್ಪತ್ತಾರು ವರ್ಷ ತುಕ್ಕಿನಾಗ ಕುಂತ ಬೆಳ್ಳಿ ಪಳಪಳ ಹೊಳೀತೈತಿ? ಅದರ ಹೂವಿನ ಕೆತ್ತನ್ಯಾಗ ವಿಭೂತಿ ಇತ್ತು, ಬೆಳ್ಳಗ, ಹೊಸಾದು. ಕೊರಳಿಗಿ ಕಟ್ಟೋ ಶಿವದಾರ ಸೈತ ಹೊಸಾದು."

ಚಮನಸಾಬನ ಬಾಯಿ ತೆರೆದುಕೊಂಡಿತು.

"ಅದನ್ನ ಯಾರೋ ದಿನಾ ಪೂಜಿ ಮಾಡ್ಯಾರ," ಎಂದಳು ದಸ್ತಗೀರಬಿ. "ಈ ಗಾಡಿ ನಮ್ಮ ಅಂಗಡಿಗಿ ಬರೋ ಮುಂದ ಅದನ್ನ ಒಳಗಿಟ್ಟಾರ. ಮಾಳಪ್ಪ ಆ ಮನಿ ಹೊಸ್ತಿಲಾ ತುಳದು ಇಪ್ಪತ್ತಾರು ವರ್ಷ ಆತು. ಅಂವ ಹ್ಯಾಂಗ ಶೆಡ್ಡಿನೊಳಗ ಬಂದಾನು?"

"ಹಂಗಾರ ಯಾರು?"

"ಅದಕ್ಕ ಸ್ಕೂಟರ್ ತಗೀರಿ. ಗುಡೂರಿಗಿ ಹೋಗೂಣು. ಕಂಬಳಿ ನೂತವರಿಗಿ ಅದು ಯಾರ ಮನಿಗಿ ಹೋಗಿತ್ತು ಅಂತ ಗೊತ್ತಿರತೈತಿ."

*

ಗುಡೂರಿನಲ್ಲಿ ಮಾಳಪ್ಪನ ಮನೆ ಊರ ಅಂಚಿಗೆ, ಕುರಿಯ ಹಟ್ಟಿಯ ಪಕ್ಕಕ್ಕೆ. ಹಿಂದಿನ ಗೋಡೆಯ ಗೂಡಿನಲ್ಲಿ ಬೀರಪ್ಪನ ಪಟ, ಅದರ ಮುಂದೆ ಹಾಸಿದ ಒಂದು ಕಂಬಳಿ. ಮಾಳಪ್ಪ ಕಟ್ಟೆಯ ಮೇಲೆ ಕುಳಿತು ಒಂದು ಮರಿಯ ಕಾಲಿಗೆ ಅರಿಷಿಣ ಹಚ್ಚುತ್ತಿದ್ದ. ಎಪ್ಪತ್ನಾಲ್ಕು ವರ್ಷ, ತೆಳ್ಳನೆ ಮೈ, ಡ್ರೈವರಿಕೆ ಬಿಟ್ಟು ಅಷ್ಟು ಕಾಲವಾದರೂ ಬೆನ್ನು ನೆಟ್ಟಗೆ. ಅವತ್ತಿನಿಂದ ಯಾವ ಮಾಲಕನೂ ಅವನ ಕೈಗೆ ಗಾಡಿ ಕೊಟ್ಟಿರಲಿಲ್ಲ.

"ಕಾಕಾ, ನಾ ಇಳಕಲ್ಲಿನ ಕುಶನ್ ಅಂಗಡಿ ದಸ್ತಗೀರಬಿ. ನಿಮಗ ಒಂದು ತೋರಿಸಬೇಕಾಗಿತ್ತು."

ಕಂಬಳಿಯನ್ನು ಚೀಲದಿಂದ ತೆಗೆದಳು. ಒಳಗಿನಿಂದ ನೀರು ತರುತ್ತಿದ್ದ ರಾಮವ್ವ ಚೆಂಬನ್ನು ಅಲ್ಲೇ ಇಟ್ಟು ಓಡಿಬಂದಳು.

"ಅಯ್ಯ, ನನ್ನ ಕಂಬಳಿ," ಎಂದು ಅಂಚು ಸವರಿದಳು. "ನೋಡ್ರಿ ಇದು, ದೊಡ್ಡವ್ರು ಹೊದಿಯೋದಲ್ಲ. ಅಳತಿ ನೋಡ್ರಲಾ. ಕೂಸಿನ ಕಂಬಳಿ. ಮರಿ ಮೊದಲನೇ ಉಣ್ಣಿ, ಕೈಯಾಗ ಹಿಡದ್ರ ಬೆಣ್ಣಿ ಇದ್ದಂಗ. ನಾ ನೂತೆ, ನಮ್ಮ ಮಾವ ನೇಯ್ದ. ಇದನ್ನ ನಾವು ಸಂತೋಷಪ್ಪ ಹುಟ್ಟಿದಾಗ ಅವ್ವಾರಿಗಿ…"

"ಸುಮ್ಮನಿರ," ಎಂದ ಮಾಳಪ್ಪ.

ಜೋರಾಗಿ ಅನ್ನಲಿಲ್ಲ. ಆದರೆ ರಾಮವ್ವ ಬಾಯಿ ಮುಚ್ಚಿದಳು, ಕಟ್ಟೆಯ ಮೇಲಿದ್ದ ಮರಿ ಕೂಡ ಒದ್ದಾಡುವುದನ್ನು ಬಿಟ್ಟಿತು.

"ಎಷ್ಟೋ ಮಂದೀಗಿ ಕೊಟ್ಟೇವಿ," ಎಂದ ಅವನು ದಸ್ತಗೀರಬಿಗೆ. "ನೆಪ್ಪಿಲ್ಲ. ಎಲ್ಲೆ ಸಿಕ್ತು?"

"ಕೆಂಪು ಗಾಡ್ಯಾಗ. ಹಿಂದಿನ ಗುಂಡ್ಯಾಗ. ಒಳಗ ಹಿರೇ ಸಾವ್ಕಾರ್ರ ಕರಡಿಗಿ ಇತ್ತು."

ಮಾಳಪ್ಪ ಮರಿಯನ್ನು ನಿಧಾನಕ್ಕೆ ಕೆಳಗಿಳಿಸಿದ. ಅದರ ಕಾಲು ನೆಲಕ್ಕೆ ಊರಿತೋ ಇಲ್ಲವೋ ಎಂದು ನೋಡಿದ. ಕೈಯ ಅರಿಷಿಣವನ್ನು ಧೋತರಕ್ಕೆ ಒರೆಸಿಕೊಂಡ.

"ಲಿಂಗ ಇತ್ತೇನು ಒಳಗ?"

"ಇತ್ತು."

"ಇತ್ತು," ಎಂದ ಮಾಳಪ್ಪ. ಅವನ ಮುಖದಲ್ಲಿ ಕಂಡದ್ದನ್ನು ದಸ್ತಗೀರಬಿ ನಿರೀಕ್ಷಿಸಿರಲಿಲ್ಲ. ಹೆದರಿಕೆಯಲ್ಲ, ಸಿಟ್ಟಲ್ಲ. ಸಮಾಧಾನ. "ಸಿಕ್ತಲ್ಲ, ಸಾಕು. ಚಲೋ ಆತು."

"ಕಾಕಾ, ಸಂತೋಷ ಸಾವ್ಕಾರ್ರು ನಾಕಕ್ಕ ಪೊಲೀಸ್ರ ಹಂತೇಕ ಹೊಂಟಾರ. ನಿಮ್ಮ ಕಂಬಳಿ, ನೀವ ಇಟ್ಟೀರಿ ಅಂತಾರ. ಇದು ಯಾರ ಮನ್ಯಾಗಿತ್ತು ಅಂತ ಒಂದು ಮಾತು ಹೇಳ್ರಿ. ನಿಮ್ಮ ಹೆಸರು ಇವತ್ತ ಚೊಕ್ಕ ಆಗತೈತಿ."

"ನೆಪ್ಪಿಲ್ಲವ್ವ," ಎಂದ ಮಾಳಪ್ಪ. "ಚಾ ಕುಡದು ಹೋಗ್ರಿ."

ಚಹಾ ಕುಡಿದೇ ಎದ್ದರು. ಊರು ದಾಟಿ ಒಂದು ಮೈಲಿ ಬರುವವರೆಗೂ ಚಮನಸಾಬ ಮಾತಾಡಲಿಲ್ಲ. ಅವನ ಲೆಕ್ಕದಲ್ಲಿ ಅದು ದೊಡ್ಡ ತಪಸ್ಸು.

"ಅಂವಗ ಗೊತ್ತೈತಿ," ಎಂದ ಕೊನೆಗೆ, ಸ್ಕೂಟರಿನ ಗದ್ದಲದ ಮೇಲೆ ಕೂಗಿ.

"ಹೌದು. ಕಂಬಳಿ ನೋಡಿದ ಕೂಡ್ಲೆ ಗೊತ್ತಾತು. ರಾಮವ್ವ ಹೇಳಾಕ ಬಂದಿದ್ದಳು, ಅಂವ ತಡದ."

"ತನ್ನ ಹೆಸರು ಉಳಿಸಿಕೊಳ್ಳೂದು ಬಿಟ್ಟು ಯಾಕ ತಡೀತಾನ?"

"ಉಪ್ಪು ತಿಂದ ಮನಿ ಅಂತ. ಹುಚ್ಚ ಮುದುಕ." ದಸ್ತಗೀರಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು, ಧೂಳು ಬಿತ್ತು ಎಂದು ತನಗೇ ಹೇಳಿಕೊಂಡಳು. "ಅಂಗಡಿಗೆ ಬ್ಯಾಡ. ಸಾವ್ಕಾರ್ರ ಮನಿಗಿ ಹೊಡೀರಿ."

*

ಸಂತೋಷಕುಮಾರನ ತಾಯಿ ಬನಶಂಕರಿಯವರು ಪಡಸಾಲೆಯ ತೂಗುಮಂಚದ ಮೇಲೆ ಕುಳಿತು ಕರಿಬೇವು ಬಿಡಿಸುತ್ತಿದ್ದರು. ಎಪ್ಪತ್ತು ದಾಟಿದ ಹೆಂಗಸು. ಮೈಮೇಲೆ ಸಾದಾ ಇಳಕಲ್ ಸೀರೆ, ಹಣೆಯ ತುಂಬ ವಿಭೂತಿ, ಕೊರಳಲ್ಲಿ ತಮ್ಮ ಲಿಂಗ. ಚಮನಸಾಬನನ್ನು ದಸ್ತಗೀರಬಿ ಹೊರಗಿನ ಕಟ್ಟೆಯಲ್ಲೇ ಕೂರಿಸಿ ಬಂದಿದ್ದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಸೊಸೆ ಶೀಲಾ ಬಾದಾಮಿಯ ತವರಿಗೆ ಹೋಗಿದ್ದಳು.

"ಬಾರವ್ವ. ಕಾರ್ಪೆಟ್ ಮುಗೀತೇನು?"

"ಕಾಗದ ಕತ್ತರಿಸಿ ಅಳತಿ ತಗಿಯೋದು ನಡದೈತ್ರಿ ಅಕ್ಕಾರ. ಒಂದು ಕೇಳೋದಿತ್ತು. ಸಾವ್ಕಾರ್ರು ಗಾಡಿ ತಂದಾಗ ಸೀಟು ಅಷ್ಟ ಮಾಡ್ರಿ ಅಂದಿದ್ರು. ಮರುದಿನ ಫೋನ್ ಬಂತು, ಅವ್ವ ಹೇಳ್ಯಾಳ, ಕಾರ್ಪೆಟ್ಟೂ ಪೂರಾ ತಗದು ಹೊಸಾದು ಹಾಕ್ರಿ, ಸೀಟಿನ ಹಿಂದಿನದೂ ಬಿಡಬ್ಯಾಡ್ರಿ ಅಂತ. ನೀವು ಎಂದೂ ಗಾಡಿ ಸುದ್ದಿ ಮಾತಾಡಿದವ್ರಲ್ಲ. ಸೀಟಿನ ಹಿಂದ ಕಾರ್ಪೆಟ್ ಇರತೈತಿ ಅನ್ನೋದು ನಿಮಗ ಹ್ಯಾಂಗ ಗೊತ್ತಾತು?"

ಬನಶಂಕರಿಯವರ ಬೆರಳು ಒಂದು ಕ್ಷಣ ನಿಂತು ಮತ್ತೆ ಎಲೆ ಬಿಡಿಸತೊಡಗಿದವು. "ಹಳೇದು ಅಂದ್ರ ಎಲ್ಲಾ ಹಳೇದು ಇರತೈತಲ್ಲ."

ದಸ್ತಗೀರಬಿ ಚೀಲದಿಂದ ಕಂಬಳಿಯನ್ನು ತೆಗೆದು ತೂಗುಮಂಚದ ಮೇಲಿಟ್ಟಳು.

ತೂಗುಮಂಚದ ಸರಪಳಿ ಕಿರ್ರೆಂದಿತು.

"ಕರಡಿಗಿ ಸಿಕ್ತೇನು?" ಎಂದರು ಬನಶಂಕರಿ.

"ಮುಂಜಾನೆ ಸಿಕ್ತು. ಸಂತೋಷ ಸಾವ್ಕಾರ್ರ ಕೊರಳಾಗೈತಿ."

ಬನಶಂಕರಿಯವರು ಕಣ್ಣು ಮುಚ್ಚಿದರು. "ಹಂಗಾರ ಮುಗೀತು. ಗಾಡ್ಯಾಗ ಬಿದ್ದಿತ್ತು, ಸಿಕ್ತು. ಮಾಳಪ್ಪ ಕದ್ದಿರಲಿಲ್ಲ ಅಂತ ಆತು."

"ಆಗಲಿಲ್ರಿ. ಬರೇ ಕರಡಿಗಿ ಸಿಕ್ಕಿದ್ರ ಆಗ್ತಿತ್ತು. ಹಿರೇ ಸಾವ್ಕಾರ್ರಿಗಿ ಎದಿ ಹಿಡದಾಗ ಕೊರಳಿಂದ ಕಳಚಿ ಹರಕು ಕಾರ್ಪೆಟ್ಟಿನಾಗ ಜಾರೈತಿ ಅಂತ ಎಲ್ಲಾರೂ ನಂಬ್ತಿದ್ರು. ನಾನೂ ನಂಬ್ತಿದ್ದೆ. ನೀವು ಅದನ್ನ ರಾಮವ್ವನ ಕಂಬಳ್ಯಾಗ ಸುತ್ತಿ ಇಟ್ರಿ. ಕಂಬಳಿ ನೋಡಿ ನಿಮ್ಮ ಮಗಾ, ಮಾಳಪ್ಪನ ಕದ್ದು ಬಚ್ಚಿಟ್ಟಾನ ಅಂತ ನಾಕಕ್ಕ ಕಂಪ್ಲೇಂಟ್ ಕೊಡಾಕ ಹೊಂಟಾರ."

ಕರಿಬೇವಿನ ಮೊರ ಬನಶಂಕರಿಯವರ ತೊಡೆಯಿಂದ ಜಾರಿ ನೆಲಕ್ಕೆ ಬಿತ್ತು. ಅವರು ಅದನ್ನು ನೋಡಲಿಲ್ಲ.

"ಲಿಂಗ ನೆಲಕ್ಕ ಇಡಬಾರದು," ಎಂದರು. ಧ್ವನಿ ಸಣ್ಣ ಹುಡುಗಿಯದಾಗಿತ್ತು. "ಬಗ್ಗಿ ಕೈಯಿಂದ ಬಿಡಾಕ ಹ್ವಾದೆ. ಆ ತುಕ್ಕು, ಆ ಇಲಿ ಹಿಕ್ಕಿ. ಅದರ ಮ್ಯಾಲೆ ಹ್ಯಾಂಗ ಇಡಲಿ? ಕೈ ಬರಲಿಲ್ಲ. ಒಳಗ ಹೋಗಿ ಟ್ರಂಕಿನಾಗ ಕೈಗೆ ಸಿಕ್ಕ ಮೆತ್ತಂದು ತಂದೆ. ಅದು ಯಾರ ಕಂಬಳಿ ಅನ್ನೋದು ತಲಿಗಿ ಹೊಳೀಲಿಲ್ಲ ನೋಡವ್ವ. ನನ್ನ ಮಗನ ಕಂಬಳಿ ಅಂತ ಅಷ್ಟ ಹೊಳೀತು."

ದಸ್ತಗೀರಬಿ ನೆಲದ ಮೇಲೆ ಕುಳಿತು ಚೆಲ್ಲಿದ ಎಲೆಗಳನ್ನು ಮೊರಕ್ಕೆ ತುಂಬತೊಡಗಿದಳು. ಪ್ರಶ್ನೆ ಕೇಳುವವರು ಕಣ್ಣಲ್ಲಿ ಕಣ್ಣಿಟ್ಟು ನೋಡದಿದ್ದರೆ ಹೇಳುವವರಿಗೆ ಹಗುರ, ಇದು ಅವಳಿಗೆ ಅಂಗಡಿ ಕಲಿಸಿದ್ದು.

"ಇಪ್ಪತ್ತಾರು ವರ್ಷ ನಿಮ್ಮ ಹಂತೇಕ ಇತ್ತು?"

"ಸುದ್ದಿ ತಿಳದು ನಾ ದವಾಖಾನಿಗಿ ಹೋದಾಗ ನರ್ಸು ಬಿಚ್ಚಿ ನನ್ನ ಕೈಯಾಗ ಕೊಟ್ಲು. ಸೆರಗಿನಾಗ ಗಂಟು ಹಾಕ್ಕೊಂಡೆ. ಬೇಕಂತ ಮಾಡಲಿಲ್ಲ. ಮಣ್ಣಿಗಿ ಒಯ್ಯೋ ಮುಂದ ನನ್ನ ಮೈದುನ ಬಂದು ಕೇಳಿದ, ವೈನಿ, ಅಣ್ಣನ ಲಿಂಗ ಎಲ್ಲಿ ಅಂತ. ಅವರನ್ನಂತೂ ಮಣ್ಣಿಗಿ ಕೊಡಾಕ ಹೊಂಟಿದ್ದೆ. ಇದನ್ನೂ ಕೊಡು ಅಂದ್ರ ಹ್ಯಾಂಗ ಕೊಡಲಿ? ಗೊತ್ತಿಲ್ಲ ಅಂದೆ. ಒಂದ ಮಾತು. ಗೊತ್ತಿಲ್ಲ."

"ಆಮ್ಯಾಲೆ?"

"ನಾಳಿ ಹೇಳ್ತೇನಿ ಅನಕೊಂಡೆ. ನಾಳಿ ಅನ್ನೋದರಾಗ ಮಾಳಪ್ಪನ್ನ ಹೊರಗ ಹಾಕಿದ್ರು. ಈಗ ಹೇಳಿದ್ರ ಏನಂದಾರು ಅನಕೊಂಡೆ. ತಿಂಗಳಾತು, ವರ್ಷಾತು. ದಿನಾ ನನ್ನ ಲಿಂಗದ ಜೋಡಿ ಅದನ್ನೂ ಪೂಜಿ ಮಾಡ್ತಿದ್ದೆ. ದಿನಾ ಮಾಳಪ್ಪನ ಮುಖ ಕಣ್ಣಮುಂದ ಬರ್ತಿತ್ತು. ಅಂವ ನನ್ನ ಹೆರಿಗಿಗಿ ದವಾಖಾನಿಗಿ ಗಾಡಿ ಹೊಡದಂವ. ನಾ ಎಂಥಾಕಿ ನೋಡು." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಸಂತೋಷ ಗಾಡಿ ರಿಪೇರಿಗಿ ಹಾಕ್ತೇನಿ ಅಂದಾಗ ದೇವ್ರ ದಾರಿ ತೋರಿಸಿದ ಅನಿಸ್ತು. ಮಧ್ಯಾಹ್ನ ಎಲ್ಲಾರೂ ಮಲಗಿದಾಗ ಶೆಡ್ಡಿಗಿ ಹೋಗಿ ಇಟ್ಟು ಬಂದೆ."

ದಸ್ತಗೀರಬಿಗೆ ಸಿಟ್ಟು ಬರಬೇಕಿತ್ತು. ಬಂದಿತ್ತು ಕೂಡ, ಗುಡೂರಿನಿಂದ ಬರುವ ದಾರಿಯುದ್ದಕ್ಕೂ. ಈಗ ಈ ಮುದುಕಿಯ ಮುಂದೆ ಅದು ಅರ್ಧ ಕರಗಿತ್ತು. ಆದರೆ ಪೂರಾ ಕರಗಿಸಿಕೊಳ್ಳಲು ಅವಳು ಒಪ್ಪಲಿಲ್ಲ. ಕಟ್ಟೆಯ ಮೇಲೆ ನೆಟ್ಟಗೆ ಕುಳಿತ ಆ ಬೆನ್ನು ಅವಳಿಗೆ ಮರೆತಿರಲಿಲ್ಲ.

"ಅಕ್ಕಾರ, ನಾ ಹೋಗಿ ಹೇಳಿದ್ರ ಇದು ಚಾಡಿ ಆಗತೈತಿ. ನೀವು ಹೇಳಿದ್ರ ಖರೆ ಆಗತೈತಿ. ಸಾವ್ಕಾರ್ರಿಗಿ ಫೋನ್ ಮಾಡ್ರಿ."

"ನಾಳಿ ಹೇಳ್ತೇನವ್ವ. ಇವತ್ತು ಒಂದ ದಿನ ಬಿಡು. ಮಗನ ಮುಖ ನೋಡಿ ಹೇಳಾಕ ಧೈರ್ಯ ಬರಬೇಕಲ್ಲ."

"ಮತ್ತ ನಾಳಿ ಅಂದ್ರಿ."

ಬನಶಂಕರಿಯವರು ತಲೆ ಎತ್ತಿದರು. ಆ ಮಾತು ತಾಕಿತ್ತು. ಮೂಗೊರೆಸಿಕೊಂಡರು. ಕೈ ಊರಿ ಎದ್ದು, ದೇವರ ಮನೆಯ ಗೂಡಿನಿಂದ ಮೊಬೈಲ್ ತಂದು ದಸ್ತಗೀರಬಿಯ ಕೈಗೆ ಕೊಟ್ಟರು.

"ನಂಗ ಕಣ್ಣು ಮಂಜು. ಸಂತೋಷಂದು ನಂಬರ್ ಹಚ್ಚು. ನಾ ಮಾತಾಡ್ತೇನಿ."

ದಸ್ತಗೀರಬಿಯ ಎದೆಯ ಮೇಲಿನ ಭಾರವೆಲ್ಲ ಒಮ್ಮೆಲೇ ಇಳಿದುಹೋಯಿತು. ನಂಬರು ಹುಡುಕಿದಳು. ಇನ್ನೇನು ಒತ್ತಬೇಕು, ಹೊರಗೆ ಜೀಪು ನಿಂತ ಸದ್ದಾಯಿತು. ಗೋಡೆಯ ಗಡಿಯಾರದಲ್ಲಿ ಇನ್ನೂ ಮೂರೂವರೆ.

ಸಂತೋಷಕುಮಾರ ದಾಪುಗಾಲು ಹಾಕುತ್ತ ಒಳಗೆ ಬಂದ. ಮುಂಜಾನೆಯ ಮುಖವಲ್ಲ ಅದು. ಯಾವುದೋ ಹಳೇ ಹೊರೆ ಇಳಿಸಿದವನ ಹಾಗಿದ್ದ. ಅಂಗಿಯೊಳಗಿಂದ ಕರಡಿಗೆ ತೆಗೆದು ತಾಯಿಯ ಅಂಗೈಯಲ್ಲಿಟ್ಟ.

"ಅವ್ವಾ, ಅಪ್ಪನ ಲಿಂಗ ಸಿಕ್ತು. ಎಲ್ಲಾ ಮುಗೀತು. ಮಾಳಪ್ಪ ಒಪ್ಕೊಂಡ."

"ಏನ ಒಪ್ಕೊಂಡ?" ಎಂದಳು ದಸ್ತಗೀರಬಿ.

"ತಾನ ಬಚ್ಚಿಟ್ಟಿದ್ದೆ ಅಂತ. ಗುಡೂರಿಂದ ಟಂಟಂ ಹತ್ತಿ ನೇರ ನನ್ನ ಆಫೀಸಿಗಿ ಬಂದ. ಪೊಲೀಸ್ರಿಗಿ ಕೊಡ್ರಿ, ನಾ ಬ್ಯಾಡ ಅನ್ನಂಗಿಲ್ಲ, ಆದ್ರ ಮನಿ ಮಂದೀನ್ನ ಯಾರನ್ನೂ ಏನೂ ಕೇಳಬ್ಯಾಡ್ರಿ ಅಂದ. ನನ್ನ ಕಾಲಿಗೆ ಬೀಳಾಕ ಬಂದ ಅವ್ವಾ. ಅಷ್ಟು ವಯಸ್ಸಿನಂವ. ನಂಗ ಕೇಸ್ ಹಾಕಾಕ ಮನಸ್ಸು ಬರಲಿಲ್ಲ. ಹೋಗಲಿ ಬಿಡು ಅಂದೆ. ನಿನಗ ಕೈಮುಗಿದು ಹೋಗ್ತೇನಿ ಅಂದ, ಕರಕೊಂಡು ಬಂದೇನಿ. ಗೇಟಿನ ಹೊರಗ ನಿಂತಾನ."

ಬನಶಂಕರಿಯವರ ಅಂಗೈ ಕರಡಿಗೆಯ ಮೇಲೆ ಮುಚ್ಚಿಕೊಂಡಿತು.

ಎಲ್ಲವೂ ಹೂವಿನ ಹಾಗೆ ಹಗುರವಾಗಿ ಬಗೆಹರಿದಿತ್ತು. ಕೇಸಿಲ್ಲ, ಪೊಲೀಸರಿಲ್ಲ. ಮಗ ಕ್ಷಮಿಸಿಯಾಗಿತ್ತು. ಲಿಂಗ ಮನೆಗೆ ಬಂದಿತ್ತು. ಬನಶಂಕರಿಯವರು ಸುಮ್ಮನಿದ್ದರೆ ಸಾಕು, ಸಾಯುವ ತನಕ ಯಾರೂ ಒಂದು ಮಾತು ಕೇಳುವುದಿಲ್ಲ. ಕಳ್ಳ ಎಂಬ ಹೆಸರು ಒಬ್ಬ ಮುದುಕನ ಜೊತೆಗೇ ಮಣ್ಣಿಗೆ ಹೋಗುತ್ತದೆ. ಹಾಗಾಗಲಿ ಎಂದು ಅವನೇ ಬಯಸಿ ಬಂದಿದ್ದ.

ದಸ್ತಗೀರಬಿ ತುಟಿ ಕಚ್ಚಿಕೊಂಡು ನಿಂತಳು. ಮಾತಾಡಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ಆಡಲಿಲ್ಲ. ಈ ಮಾತು ತನ್ನದಲ್ಲ.

"ಸಂತೋಷಾ," ಎಂದರು ಬನಶಂಕರಿ. "ಮಾಳಪ್ಪನ್ನ ಒಳಗ ಕರಿ."

"ಅಲ್ಲೆ ಇರಲಿ ಬಿಡು, ನೀ ಬಾಗಿಲಿಗಿ…"

"ಒಳಗ ಕರಿ. ಪಡಸಾಲ್ಯಾಗ ಕುರ್ಚಿ ಹಾಕು. ಕುರ್ಚಿ ಮ್ಯಾಲೆ ಅಂವ ಕುಂಡ್ರಲಿ. ನಾ ನಿಂತು ಹೇಳೋದೈತಿ, ನೀನೂ ನಿಂತು ಕೇಳು."

ಸಂತೋಷಕುಮಾರ ತಾಯಿಯನ್ನು ನೋಡಿದ, ದಸ್ತಗೀರಬಿಯನ್ನು ನೋಡಿದ, ಏನೂ ತಿಳಿಯದೆ ಹೊರಗೆ ಹೋದ.

ಮಾಳಪ್ಪ ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದ. ಕುರ್ಚಿ ತೋರಿಸಿದರೂ ಕುಳಿತುಕೊಳ್ಳಲಿಲ್ಲ. ತೂಗುಮಂಚದ ಮೇಲಿನ ಪುಟ್ಟ ಕಂಬಳಿ ಕಂಡಿತು. ಬನಶಂಕರಿಯವರ ಮುಖ ಕಂಡಿತು. ಅಷ್ಟರಿಂದಲೇ ಅವನಿಗೆ ಎಲ್ಲವೂ ಅರ್ಥವಾಗಿತ್ತು.

"ಮಾಳಪ್ಪಾ, ನಂದು ತಪ್ಪಾತು," ಎಂದರು ಬನಶಂಕರಿ. "ಇವತ್ತ ಮಗನ ಮುಂದ ಎಲ್ಲಾ ಹೇಳಿಬಿಡ್ತೇನಿ."

"ಬ್ಯಾಡ್ರಿ ಅವ್ವಾರ." ಮಾಳಪ್ಪ ಎರಡೂ ಕೈ ಮುಗಿದ. "ನಿಮ್ಮ ಕಾಲಿಗೆ ಬೀಳ್ತೇನಿ, ಹೇಳಬ್ಯಾಡ್ರಿ. ಕಳ್ಳ ಅನಿಸ್ಕೊಂಡು ನಂಗ ರೂಢಿ ಆಗೈತಿ."

"ನಂಗ ರೂಢಿ ಆಗಲಿಲ್ಲಪ್ಪ. ಹೇಳ್ತೇನಿ."

ಮಾಳಪ್ಪ ಕೈಗಳನ್ನು ಇಳಿಸಿದ. ಸಂತೋಷಕುಮಾರನನ್ನು ಒಮ್ಮೆ ನೋಡಿ, ನೆಲ ನೋಡಿದ.

"ನೀವು ಹೇಳಿದ್ರ ನಾನೂ ಹೇಳಬೇಕಾಗತೈತ್ರಿ," ಎಂದ. "ಹಿರೇ ಸಾವ್ಕಾರ್ರು ದಾರ್ಯಾಗ ಮಾತಾಡಲಾರದ ಎಚ್ಚರ ತಪ್ಪಿದ್ರು ಅಂತ ನಾ ಅವತ್ತು ಹೇಳಿದ್ದೆ. ಅದು ಸುಳ್ಳ. ಗುಳೇದಗುಡ್ಡದಿಂದ ಬಾಗಲಕೋಟಿ ತನಕ ಅವರು ಮಾತಾಡಿದ್ರು. ಸಂತೋಷಪ್ಪಗ ತಿಳಸು ಅಂತ ನನ್ನ ಕೈ ಹಿಡದು ಹೇಳಿದ್ರು. ಅದನ್ನ ನಾ ಇಪ್ಪತ್ತಾರು ವರ್ಷ ಹೊಟ್ಟ್ಯಾಗ ಇಟ್ಕೊಂಡೇನಿ, ಅವ್ವಾರ. ನಿಮ್ಮ ಸಲುವಾಗಿ."

(ಮುಂದುವರಿಯುವುದು)